ಪರ್ಸೆಂಟ್ ಸರಿ ಇದ್ದರೂ ಬಜೆಟ್ ವಾಪಸ್ ಬಂತಾ? ಪರೋಕ್ಷ ವೆಚ್ಚದ ಲೆಕ್ಕದಲ್ಲಿ ತಪ್ಪು ಹುಡುಕುವ ಬಗೆ

ರಾಯಚೂರು ಕಡೆಯ ಒಂದು ಸಣ್ಣ ಸಂಸ್ಥೆಯ ಅಕೌಂಟೆಂಟ್ ಹುಡುಗ ಒಂದು ಸಂಜೆ ಫೋನ್ ಮಾಡಿದ. "ಅಕ್ಕಾರ, ಪರ್ಸೆಂಟ್ ಬರೋಬರಿ ಹಾಕೇನ್ರೀ. ಆದ್ರೂ ಬಜೆಟ್ ವಾಪಸ್ ಕಳಿಸ್ಯಾರ್ರೀ." ಶೀಟ್ ವಾಟ್ಸಾಪ್‌ನಲ್ಲಿ ಬಂತು. ಕೊನೆಯಿಂದ ಎರಡನೇ ಸಾಲಿನಲ್ಲಿ ಪರೋಕ್ಷ ವೆಚ್ಚ (ಯೋಜನೆಯ ಹಿಂದೆ ನಿಂತ ಕಚೇರಿಯ ಖರ್ಚು), ಶೇ. 15, 18,900 ಡಾಲರ್ ಅಂತ ಇತ್ತು. ಹಣ ಅಮೆರಿಕದ ಫೆಡರಲ್ ಸರ್ಕಾರದ್ದು, ಅಲ್ಲಿನ ಒಂದು ವಿಶ್ವವಿದ್ಯಾಲಯದ ಮೂಲಕ ಬರುವಂಥದ್ದು. ಆ ವಿಶ್ವವಿದ್ಯಾಲಯದವರು ಪಕ್ಕದ ಸೆಲ್‌ನಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದು ಇಷ್ಟೇ: 14,400 ಇರಬೇಕು, ಸರಿಪಡಿಸಿ. ಯಾಕೆ ಅಂತ ಒಂದು ಪದವೂ ಇಲ್ಲ.

ಇಂಥ ಶೀಟುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ನೋಡಿ ನೋಡಿ ನನಗೆ ಒಂದು ಖಾತ್ರಿಯಾಗಿದೆ. ಪರ್ಸೆಂಟ್ ಎಷ್ಟು ಅನ್ನುವಲ್ಲಿ ತಪ್ಪುವವರು ಕಡಿಮೆ. ಯಾವುದರ ಮೇಲೆ ಪರ್ಸೆಂಟ್ ಅನ್ನುವಲ್ಲಿ ಮುಕ್ಕಾಲು ಪಾಲು ಜನ ಎಡವುತ್ತಾರೆ. ಆ 'ಯಾವುದರ ಮೇಲೆ' ಅನ್ನುವುದಕ್ಕೆ ಬೇಸ್ ಅಂತ ಹೆಸರು. ಹಾಗಾಗಿ ದೋಷ ಹುಡುಕಲು ಕೂತಾಗ ಶೇ. 15 ಅನ್ನುವ ಸೆಲ್ ಮುಟ್ಟಬೇಡಿ. ಬೇಸ್ ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ, ಒಳಗೆ ಯಾವ ಫಾರ್ಮುಲಾ ಇದೆ ನೋಡಿ.

ಮೊದಲು ವ್ಯತ್ಯಾಸವನ್ನು ಭಾಗಿಸಿ

ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಪಟ್ಟಿ) ತಾಳೆ ಆಗದಿದ್ದಾಗ ಹಳೆಯ ಅಕೌಂಟೆಂಟರು ಏನು ಮಾಡುತ್ತಿದ್ದರು? ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದರು. ಶೇಷ ಇಲ್ಲದೆ ಭಾಗ ಹೋದರೆ, ಎಲ್ಲೋ ಅಂಕಿ ಅದಲುಬದಲಾಗಿರಬಹುದು, 54 ಬರೆಯುವಲ್ಲಿ 45 ಬರೆದಿರಬಹುದು ಅಂತ ಹುಡುಕುತ್ತಿದ್ದರು. ಪರೋಕ್ಷ ವೆಚ್ಚಕ್ಕೂ ಅಂಥದ್ದೇ ಒಂದು ಉಪಾಯ ಇದೆ. ವ್ಯತ್ಯಾಸವನ್ನು ದರದಿಂದ ಭಾಗಿಸಿ.

18,900ರಲ್ಲಿ 14,400 ಕಳೆದರೆ 4,500. ಅದನ್ನು 0.15ರಿಂದ ಭಾಗಿಸಿದರೆ 30,000. ಅಂದರೆ ಬೇಸ್‌ನಲ್ಲಿ ಇರಬಾರದ 30,000 ಡಾಲರ್ ಒಳಗೆ ಕೂತಿದೆ. ಈಗ ಇಡೀ ಬಜೆಟ್ ಓದಬೇಕಿಲ್ಲ. ಯಾವ ಸಾಲು, ಅಥವಾ ಯಾವ ಎರಡು ಮೂರು ಸಾಲು ಸೇರಿಸಿದರೆ 30,000 ಆಗುತ್ತದೆ ಅಂತ ಹುಡುಕಿದರೆ ಸಾಕು.

ಅವನ ಶೀಟ್ ಹೀಗಿತ್ತು (ಅಂಕಿಗಳನ್ನು ಇಲ್ಲಿ ಸ್ವಲ್ಪ ದುಂಡಗೆ ಮಾಡಿದ್ದೇನೆ, ಎಲ್ಲ ಡಾಲರ್‌ನಲ್ಲಿ):

ಸಂಬಳ 62,000
ಪಿಎಫ್, ಇಎಸ್‌ಐ, ಗ್ರಾಚ್ಯುಟಿ 8,000
ಸಿಬ್ಬಂದಿ ಪ್ರಯಾಣ, ಜೀಪ್ 9,000
ಸಾಮಗ್ರಿ 6,000
ಲ್ಯಾಪ್‌ಟಾಪ್ 5, ತಲಾ 800ರಂತೆ 4,000
ರಕ್ತ ಪರೀಕ್ಷೆ ಯಂತ್ರ 1, 14,000
ತರಬೇತಿಗೆ ಬರುವ ಆಶಾ ಕಾರ್ಯಕರ್ತೆಯರ ಭತ್ಯೆ, ಬಸ್ ಚಾರ್ಜು, ಊಟ 11,000
ಫೀಲ್ಡ್ ಆಫೀಸ್ ಬಾಡಿಗೆ 3,000, ತರಬೇತಿ ಹಾಲ್ ಬಾಡಿಗೆ 2,000
ಹೊರಗಿನ ಲ್ಯಾಬ್‌ಗೆ ಪರೀಕ್ಷಾ ಶುಲ್ಕ 7,000

ಒಟ್ಟು ನೇರ ವೆಚ್ಚ 1,26,000. ಹುಡುಗ ಇಡೀ 1,26,000ಕ್ಕೆ ಶೇ. 15 ಹಾಕಿದ್ದ. ಯಂತ್ರ 14,000, ಆಶಾ ಸಾಲು 11,000, ಎರಡು ಬಾಡಿಗೆ 5,000. ಕೂಡಿಸಿ ನೋಡಿ, 30,000. ಸಿಕ್ಕಿತಲ್ವಾ?

ಭಾಗಿಸಿದಾಗ ಬಂದ ಮೊತ್ತ ಯಾವ ಸಾಲಿಗೂ ಹೊಂದದಿದ್ದರೆ ತಪ್ಪು ಬಹುಶಃ ಬೇಸ್‌ನಲ್ಲಿ ಇಲ್ಲ. ಆಗ ಮೊತ್ತ ಕೂಡುವ ಫಾರ್ಮುಲಾ ನೋಡಿ. ಉಪಮೊತ್ತದ ಸಾಲನ್ನೂ ಸೇರಿಸಿ ಕೂಡಿದ್ದು, ಮುಚ್ಚಿಟ್ಟ ಸಾಲು ಒಳಗೆ ಉಳಿದಿದ್ದು, ಫಾರ್ಮುಲಾ ಇದ್ದ ಸೆಲ್‌ನಲ್ಲಿ ಯಾರೋ ಕೈಯಾರೆ ಅಂಕಿ ಟೈಪ್ ಮಾಡಿದ್ದು. ಇವು ಮೂರರಲ್ಲಿ ಒಂದಾಗಿರುತ್ತದೆ.

ಆ ಮೂರು ಸಾಲು ಯಾಕೆ ಹೊರಗೆ?

ಅಮೆರಿಕದ ಫೆಡರಲ್ ಅನುದಾನದ ನಿಯಮದಲ್ಲಿ ಬೇಸ್ ಅಂದರೆ ಎಂಟಿಡಿಸಿ, ಮಾರ್ಪಡಿಸಿದ ಒಟ್ಟು ನೇರ ವೆಚ್ಚ. ಸಂಬಳ, ಸಂಬಳದ ಜೊತೆಗಿನ ಸೌಲಭ್ಯ, ಸಾಮಗ್ರಿ, ಸೇವೆ, ಪ್ರಯಾಣ ಇದರೊಳಗೆ ಬರುತ್ತವೆ. ಉಪಕರಣ, ಕಟ್ಟಡದಂಥ ಬಂಡವಾಳ ವೆಚ್ಚ, ರೋಗಿಗಳ ಆರೈಕೆಯ ಶುಲ್ಕ, ಬಾಡಿಗೆ, ವಿದ್ಯಾರ್ಥಿಗಳ ಫೀಸು ಮತ್ತು ಸ್ಕಾಲರ್‌ಶಿಪ್, ತರಬೇತಿಗೆ ಬರುವವರ ಖರ್ಚು, ಪ್ರತಿ ಸಬ್‌ಅವಾರ್ಡ್‌ನಲ್ಲಿ (ಯೋಜನೆಯ ಒಂದು ಭಾಗ ಮಾಡಲು ಇನ್ನೊಂದು ಸಂಸ್ಥೆಗೆ ದಾಟಿಸುವ ಅನುದಾನ) ಮೊದಲ 50,000 ಡಾಲರ್ ದಾಟಿದ ಭಾಗ, ಇಷ್ಟು ಹೊರಗೆ.

ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಅದರ ಹಿಂದಿನ ಯೋಚನೆ ಹಿಡಿದರೆ ಸುಲಭ. ಪರೋಕ್ಷ ವೆಚ್ಚ ಅಂದರೆ ಯೋಜನೆಯ ಹಿಂದೆ ನಿಂತ ಕಚೇರಿಯ ದುಡಿಮೆಗೆ ಕೊಡುವ ಹಣ. ಆ 14,000 ಡಾಲರ್ ಯಂತ್ರ ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ಅದನ್ನು ಕೊಳ್ಳಲು ಮೂರು ಕೊಟೇಶನ್, ಒಂದು ಪರ್ಚೇಸ್ ಆರ್ಡರ್, ಒಂದು ವೋಚರ್, ಒಂದು ಪೇಮೆಂಟ್. ಕೆಲಸ ಮುಗಿಯಿತು. ಅದೇ 12 ಲಕ್ಷವನ್ನು ಸಂಬಳವಾಗಿ ಕೊಡಿ ನೋಡೋಣ. ಹನ್ನೆರಡು ತಿಂಗಳ ಹಾಜರಿ, ಹನ್ನೆರಡು ಪಿಎಫ್ ಚಲನ್, ಟಿಡಿಎಸ್, ರಜೆ ಲೆಕ್ಕ, ನಡುವೆ ಒಬ್ಬರು ಬಿಟ್ಟುಹೋದರೆ ಮತ್ತೆ ಸಂದರ್ಶನ. ಕಚೇರಿಗೆ ಬೀಳುವ ಕೆಲಸ ಒಂದೇ ಅಲ್ಲ. ದೊಡ್ಡ ಮೊತ್ತ ಒಂದೇ ಏಟಿಗೆ ಹೊರಗೆ ಹೋದರೆ ಬೇಸ್ ಸುಮ್ನೆ ಉಬ್ಬುತ್ತದೆ. ಅದನ್ನು ತಡೆಯಲು ಈ ಪಟ್ಟಿ.

ಆಶಾ ಕಾರ್ಯಕರ್ತೆಯರ ಸಾಲಿನಲ್ಲಿ ಒಂದು ಎಚ್ಚರ ಬೇಕು. ಅವರು ಸಂಸ್ಥೆಯ ನೌಕರರಲ್ಲ, ತರಬೇತಿ ಪಡೆಯಲು ಬಂದವರು. ಹಾಗಾಗಿ ಅವರ ಭತ್ಯೆ, ಬಸ್ ಚಾರ್ಜು, ಊಟ ಹೊರಗೆ. ಅದೇ ತರಬೇತಿಗೆ ನಿಮ್ಮದೇ ಫೀಲ್ಡ್ ಸಿಬ್ಬಂದಿ ಬಂದರೆ ಅವರ ಬಸ್ ಚಾರ್ಜು ಮಾಮೂಲಿ ಪ್ರಯಾಣ ವೆಚ್ಚ, ಬೇಸ್‌ನ ಒಳಗೆ. ಎರಡನ್ನೂ 'ತರಬೇತಿ ವೆಚ್ಚ' ಅಂತ ಒಂದೇ ಸಾಲಿಗೆ ತುಂಬಿದರೆ ಆಮೇಲೆ ಬಿಡಿಸುವುದು ಕಷ್ಟ. ಬಜೆಟ್ ಬರೆಯುವಾಗಲೇ ಎರಡು ಸಾಲು ಮಾಡಿ.

ಹುಡುಗನ ಲೆಕ್ಕ ಹೀಗೆ ಸರಿಯಾಯಿತು: 1,26,000ರಲ್ಲಿ 30,000 ಕಳೆದು ಬೇಸ್ 96,000. ಶೇ. 15 ಅಂದರೆ 14,400. ಒಟ್ಟು ಬಜೆಟ್ 1,40,400.

ಲೆಕ್ಕ ಕಡಿಮೆ ಬಂದರೆ ಯಾರೂ ಹೇಳುವುದಿಲ್ಲ

ಜಾಸ್ತಿ ಕೇಳಿದರೆ ಶೀಟ್ ವಾಪಸ್ ಬರುತ್ತದೆ. ಕಡಿಮೆ ಕೇಳಿದರೆ? ಸದ್ದಿಲ್ಲದೆ ಮಂಜೂರಾಗುತ್ತದೆ. ಈ ತಪ್ಪು ನಮ್ಮ ಕಡೆ ಬಹಳ. ಇದನ್ನು ನೀವೇ ಹುಡುಕಿಕೊಳ್ಳಬೇಕು.

ಮೊದಲನೆಯದು ಲ್ಯಾಪ್‌ಟಾಪ್. ನಮ್ಮ ಅಕೌಂಟೆಂಟರಿಗೆ ಲ್ಯಾಪ್‌ಟಾಪ್ ಅಂದ ತಕ್ಷಣ ಫಿಕ್ಸೆಡ್ ಅಸೆಟ್. ಡಿಪ್ರಿಸಿಯೇಶನ್ ಹಾಕಿ ಅಭ್ಯಾಸ. ಹಾಗಾಗಿ ಉಪಕರಣ ಅಂತ ಬೇಸ್‌ನಿಂದ ತೆಗೆದುಬಿಡುತ್ತಾರೆ. ಆದರೆ ಅಮೆರಿಕದ ನಿಯಮದಲ್ಲಿ ಉಪಕರಣ ಅನಿಸಿಕೊಳ್ಳಲು ಒಂದೊಂದರ ಬೆಲೆ 10,000 ಡಾಲರ್ ಮುಟ್ಟಬೇಕು, ಒಂದು ವರ್ಷಕ್ಕಿಂತ ಜಾಸ್ತಿ ಬಾಳಬೇಕು. 800 ಡಾಲರ್ ಲ್ಯಾಪ್‌ಟಾಪ್ ಬರೀ ಸಾಮಗ್ರಿ. ಐದು ಸೇರಿ 4,000 ಆದರೂ ಅಷ್ಟೇ, ನೋಡುವುದು ಒಂದರ ಬೆಲೆ.

ಇಲ್ಲೇ ಒಂದು ಕೊಕ್ಕೆ ಇದೆ. ನಿಯಮ ಹೇಳುವುದು 10,000 ಡಾಲರ್ ಅಥವಾ ನಿಮ್ಮ ಸಂಸ್ಥೆ ತನ್ನ ಹಣಕಾಸು ಪಟ್ಟಿಗೆ ಇಟ್ಟುಕೊಂಡ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ ಅಕೌಂಟಿಂಗ್ ಪಾಲಿಸಿಯಲ್ಲಿ '10,000 ರೂಪಾಯಿ ದಾಟಿದ್ದೆಲ್ಲ ಆಸ್ತಿ' ಅಂತ ಬರೆದಿದ್ದರೆ, ಲ್ಯಾಪ್‌ಟಾಪ್ ಉಪಕರಣವೇ ಆಗುತ್ತದೆ. ಆಗ ಅದು ಬೇಸ್‌ನಿಂದ ಹೊರಗೆ. ಯಾರೋ ಆಡಿಟರ್ ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಒಂದು ಸಾಲು ಇವತ್ತಿನ ಅನುದಾನದ ಲೆಕ್ಕ ಬದಲಿಸುತ್ತದೆ. ಬಜೆಟ್ ಮಾಡುವ ಮುಂಚೆ ಆ ಪಾಲಿಸಿಯ ಪುಟ ತೆಗೆದು ಓದಿ. ಹುಡುಗನ ಸಂಸ್ಥೆಯಲ್ಲಿ ಮಿತಿ 1 ಲಕ್ಷ ರೂಪಾಯಿ ಇತ್ತು, ಹಾಗಾಗಿ ಲ್ಯಾಪ್‌ಟಾಪ್ ಒಳಗೇ ಉಳಿಯಿತು.

ಎರಡನೆಯದು ಹೊರಗಿನ ಲ್ಯಾಬ್. 'ಹೊರಗಿನವರಿಗೆ ಕೊಡುವ ಹಣ' ಅಂತ ಕಂಡ ಕೂಡಲೇ ಸಬ್‌ಅವಾರ್ಡ್ ಅಂದುಕೊಳ್ಳುವುದು. ಲ್ಯಾಬ್ ಏನು ಮಾಡುತ್ತಿದೆ ನೋಡಿ. ಸ್ಯಾಂಪಲ್ ಕೊಟ್ಟರೆ ಪರೀಕ್ಷೆ ಮಾಡಿ ಬಿಲ್ ಕೊಡುತ್ತದೆ, ಬೀದಿಯ ಎಲ್ಲರಿಗೂ ಅದೇ ಕೆಲಸ ಮಾಡಿಕೊಡುತ್ತದೆ. ಅದು ಸೇವೆ ಮಾರುವವರು, ಪೂರ್ತಿ ಮೊತ್ತ ಬೇಸ್‌ನ ಒಳಗೆ. ಯೋಜನೆಯ ಒಂದು ಭಾಗವನ್ನೇ ಹೊತ್ತುಕೊಂಡು, ಯಾರಿಗೆ ಸೇವೆ ಕೊಡಬೇಕು ಅಂತ ತಾವೇ ತೀರ್ಮಾನಿಸಿ, ಫಲಿತಾಂಶಕ್ಕೂ ಹೊಣೆಯಾಗುವವರು ಸಬ್‌ಅವಾರ್ಡ್ ಪಡೆದವರು. ಕರಾರು ಪತ್ರದ ಮೇಲೆ ಏನು ಹೆಸರಿದೆ ಅನ್ನುವುದು ಮುಖ್ಯ ಅಲ್ಲ.

ಮೂರನೆಯದು ದರವನ್ನೇ ಕಡಿಮೆ ಒಪ್ಪಿಕೊಳ್ಳುವುದು. ಅಮೆರಿಕದ ಸರ್ಕಾರದ ಜೊತೆ ಮಾತಾಡಿ ಗೊತ್ತುಮಾಡಿಕೊಂಡ ಸ್ವಂತ ದರ ಇಲ್ಲದ ಸಂಸ್ಥೆಗಳಿಗೆ ಡಿ ಮಿನಿಮಿಸ್ ಅನ್ನುವ ಸಿದ್ಧ ದರ ಇದೆ. 2024ರ ಅಕ್ಟೋಬರ್ 1ರವರೆಗೆ ಅದು ಶೇ. 10, ಅಲ್ಲಿಂದ ಶೇ. 15ರವರೆಗೆ. ಇದಕ್ಕೆ ಪುರಾವೆ ಕಾಗದ ಕೊಡಬೇಕಿಲ್ಲ. 'ನಾವು ಶೇ. 10 ಮಾತ್ರ ಕೊಡೋದು' ಅಂತ ನಡುವಿನ ಸಂಸ್ಥೆ ಒತ್ತಾಯ ಮಾಡುವಂತಿಲ್ಲ, ಬೇರೆ ಕಾನೂನೇ ಹಾಗೆ ಹೇಳಿದ್ದರೆ ಮಾತು ಬೇರೆ. ಅಂಥ ಒಂದು ಅಪವಾದ ನಮಗೆ ಆಗಾಗ ಸಿಗುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಅಮೆರಿಕದ ಹೊರಗಿನ ಸಂಸ್ಥೆಗಳಿಗೆ ಶೇ. 8ರ ಮಿತಿ ಇಟ್ಟುಕೊಂಡು ಬಂದಿದೆ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ ತನ್ನ ಎಲ್ಲ ಅನುದಾನಕ್ಕೂ ಪರೋಕ್ಷ ವೆಚ್ಚ ಶೇ. 15 ಅಂತ ಘೋಷಿಸಿತು. ಶೇ. 50 ದಾಟಿದ ದರ ಇದ್ದ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು, ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್ ಅದನ್ನು ತಡೆಯಿತು. ಆ 15 ಬೇರೆ, ಡಿ ಮಿನಿಮಿಸ್‌ನ 15 ಬೇರೆ. ಪೇಪರಿನಲ್ಲಿ ಸುದ್ದಿ ಓದಿ 'ಶೇ. 15 ರದ್ದಾಯ್ತಂತೆ' ಅಂತ ಫೋನ್ ಮಾಡಿದವರಿದ್ದಾರೆ. ಅಮೆರಿಕದ ಗಲಾಟೆ ಸಿರಗುಪ್ಪದವರೆಗೂ ಬರುತ್ತದೆ!

ಹಳೆಯ ಕರಾರಿದ್ದರೆ ಹಳೆಯ ಅಂಕಿಗಳೇ ನಡೆಯುತ್ತಿರಬಹುದು: ದರ ಶೇ. 10, ಉಪಕರಣಕ್ಕೆ 5,000 ಡಾಲರ್, ಸಬ್‌ಅವಾರ್ಡ್‌ಗೆ 25,000 ಡಾಲರ್. ನಿಮ್ಮ ಕರಾರಿನ ದಿನಾಂಕ ನೋಡಿ, ಆಮೇಲೆ ತಿದ್ದುಪಡಿ ಬಂದಿದೆಯಾ ನೋಡಿ.

ಒಟ್ಟು ಮಿತಿ ಕೊಟ್ಟಾಗ ಹಿಂದಿನಿಂದ ಲೆಕ್ಕ

'ಎಲ್ಲ ಸೇರಿ 1,50,000 ಡಾಲರ್ ಮೀರಬಾರದು' ಅಂತ ಹೇಳಿದಾಗ ಶುರುವಾಗುತ್ತದೆ ಅಸಲಿ ಗೋಜಲು. ಹೆಚ್ಚಿನವರು 1,50,000ಕ್ಕೆ ಶೇ. 15 ಹಾಕಿ 22,500 ಪಕ್ಕಕ್ಕಿಡುತ್ತಾರೆ. ಉಳಿದ 1,27,500ರಲ್ಲಿ ಯೋಜನೆ ಬರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ 30,000 ಬೇಸ್‌ನ ಹೊರಗಿದೆ. ಅಂದರೆ ಬೇಸ್ 97,500, ಪರೋಕ್ಷ ವೆಚ್ಚ 14,625 ಮಾತ್ರ. ಒಟ್ಟು 1,42,125. ಕೈಗೆ ಬಂದ 7,875 ಡಾಲರ್ ಕೇಳದೆ ಬಿಟ್ಟ ಹಾಗಾಯಿತು. ಒಬ್ಬ ಫೀಲ್ಡ್ ಕಾರ್ಯಕರ್ತೆಯ ಎರಡು ವರ್ಷದ ಸಂಬಳ ಅದು.

ಸ್ವಲ್ಪ ಜಾಣರು 1,50,000ವನ್ನು 1.15ರಿಂದ ಭಾಗಿಸುತ್ತಾರೆ. ಎಲ್ಲ ಸಾಲೂ ಬೇಸ್‌ನಲ್ಲಿದ್ದರೆ ಮಾತ್ರ ಅದು ಸರಿ. ಹೊರಗಿಡುವ ಸಾಲುಗಳಿದ್ದರೆ ಹೀಗೆ ಮಾಡಿ: ಹೊರಗಿನ ಮೊತ್ತಕ್ಕೆ ದರ ಹಾಕಿ ಬಂದಿದ್ದನ್ನು ಮಿತಿಗೆ ಕೂಡಿಸಿ, ಆಮೇಲೆ 1.15ರಿಂದ ಭಾಗಿಸಿ. 30,000ಕ್ಕೆ ಶೇ. 15 ಅಂದರೆ 4,500. 1,54,500 ಭಾಗ 1.15. ನೇರ ವೆಚ್ಚ 1,34,347.83 ಬಂತು. ತಾಳೆ ನೋಡೋಣ: ಬೇಸ್ 1,04,347.83, ಅದಕ್ಕೆ ಶೇ. 15 ಅಂದರೆ 15,652.17. ನೇರ ವೆಚ್ಚ, ಪರೋಕ್ಷ ವೆಚ್ಚ ಎರಡೂ ಕೂಡಿದರೆ ಸರಿಯಾಗಿ 1,50,000.

ಹೊರಗಿನ ಸಾಲು ಒಂದು ಬದಲಾದರೂ ಇದನ್ನು ಮತ್ತೆ ಮಾಡಬೇಕು. ಅದಕ್ಕೇ ಮೊದಲು ಹೊರಗಿನ ಸಾಲುಗಳನ್ನು ಖಾಯಂ ಮಾಡಿಕೊಳ್ಳಿ. ಸಂಬಳ, ಪ್ರಯಾಣ ಆಮೇಲೆ ಹಿಗ್ಗಿಸಿ ಕುಗ್ಗಿಸಿ.

'ಒಟ್ಟಿನ ಶೇಕಡಾ' ಅಂದರೆ ಬೇರೆ

ಕೆಲವು ದಾನಿಗಳು ನೇರ ವೆಚ್ಚದ ಮೇಲೆ ಅಲ್ಲ, ಪೂರ್ತಿ ಅನುದಾನದ ಮೇಲೆ ಪರ್ಸೆಂಟ್ ಹೇಳುತ್ತಾರೆ. 10 ಲಕ್ಷ ರೂಪಾಯಿ ಅನುದಾನದಲ್ಲಿ ಶೇ. 10 ಅಂದರೆ 1 ಲಕ್ಷ. ನೇರ ವೆಚ್ಚ 9 ಲಕ್ಷ. 9ರ ಮೇಲೆ ನೋಡಿದರೆ ಅದು ಶೇ. 11.11. ಅಮೆರಿಕದ ಕೃಷಿ ಇಲಾಖೆಯ ನಿಫಾ ಸಂಸ್ಥೆ ತನ್ನ ಸ್ಪರ್ಧಾತ್ಮಕ ಅನುದಾನಗಳಲ್ಲಿ ಒಟ್ಟಿನ ಶೇ. 30 ಅನ್ನುವ ಮಿತಿ ಇಟ್ಟಿದೆ, ನೇರ ವೆಚ್ಚದ ಮೇಲೆ ಅದು ಶೇ. 42.857. ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನ ಹೊರೈಜನ್ ಯುರೋಪ್‌ನಲ್ಲಿ ನೇರ ವೆಚ್ಚದ ಮೇಲೆ ಸಪಾಟು ಶೇ. 25, ಆದರೆ ಉಪಗುತ್ತಿಗೆ ಬೇಸ್‌ನಿಂದ ಹೊರಗೆ. ಬೇಸ್ ಪ್ರತಿ ಮನೆಯಲ್ಲೂ ಬೇರೆ. ಒಬ್ಬರ ಟೆಂಪ್ಲೇಟ್ ಇನ್ನೊಬ್ಬರಿಗೆ ಕಾಪಿ ಮಾಡಬೇಡಿ.

ಒಟ್ಟಿನ ಮೇಲೆ ಪರ್ಸೆಂಟ್ ಹಾಕುವ ಶೀಟ್‌ನಲ್ಲಿ ಎಕ್ಸೆಲ್ 'ಸರ್ಕ್ಯುಲರ್ ರೆಫರೆನ್ಸ್' ಅಂತ ಕೂಗುತ್ತದೆ. ಒಟ್ಟಿನಿಂದ ಪರೋಕ್ಷ ವೆಚ್ಚ, ಪರೋಕ್ಷ ವೆಚ್ಚದಿಂದ ಒಟ್ಟು, ಹೀಗೆ ಸುತ್ತುತ್ತದೆ. ಒಟ್ಟಿನ ಶೇ. 10 ಅಂತಿದ್ದರೆ ನೇರ ವೆಚ್ಚವನ್ನು 0.90ರಿಂದ ಭಾಗಿಸಿ ಒಟ್ಟು ತೆಗೆಯಿರಿ. ಸುತ್ತಾಟ ನಿಲ್ಲುತ್ತದೆ.

ಒಂದೇ ಖರ್ಚು ಎರಡು ಕಡೆ

ಅಂಕಿ ಎಲ್ಲ ತಾಳೆಯಾಗಿ, ಮಂಜೂರೂ ಆಗಿ, ಆಡಿಟ್‌ನಲ್ಲಿ ಸಿಕ್ಕಿಬೀಳುವ ತಪ್ಪು ಇದು. ಒಂದು ಶೀಟ್‌ನಲ್ಲಿ ನಾನೇ ನೋಡಿದ್ದು: ಮೇಲೆ 'ಅಕೌಂಟೆಂಟ್, ಶೇ. 20 ಸಮಯ', ಅದರ ಕೆಳಗೆ 'ಹೆಡ್ ಆಫೀಸ್ ಇಂಟರ್ನೆಟ್, ವಿದ್ಯುತ್', ಕೊನೆಯಲ್ಲಿ ಪರೋಕ್ಷ ವೆಚ್ಚ ಶೇ. 15. ಅಕೌಂಟೆಂಟ್, ಕರೆಂಟ್ ಬಿಲ್ಲು, ಇಂಟರ್ನೆಟ್ಟು, ಇವಕ್ಕೇ ಅಲ್ವಾ ಆ ಶೇ. 15 ಇರುವುದು?

ನಿಯಮ ಕೇಳುವುದು ಒಂದೇ ನಡವಳಿಕೆ. ಹೆಡ್ ಆಫೀಸ್ ಅಕೌಂಟೆಂಟ್ ಪರೋಕ್ಷ ಅಂತ ಒಮ್ಮೆ ಇಟ್ಟುಕೊಂಡರೆ ಎಲ್ಲ ಯೋಜನೆಗಳಲ್ಲೂ ಪರೋಕ್ಷವೇ. ಒಬ್ಬ ದಾನಿ ನೇರ ವೆಚ್ಚದಲ್ಲಿ ಒಪ್ಪುತ್ತಾರೆ ಅಂತ ಅಲ್ಲಿ ನೇರ, ಇಲ್ಲಿ ಪರೋಕ್ಷ ಮಾಡುವಂತಿಲ್ಲ. ಯೋಜನೆಗಾಗಿಯೇ ಸಿಂಧನೂರಿನಲ್ಲಿ ತೆಗೆದ ಫೀಲ್ಡ್ ಆಫೀಸ್ ಬಾಡಿಗೆ ನೇರ ವೆಚ್ಚ, ಅದಕ್ಕೆ ತಕರಾರಿಲ್ಲ. ಹೆಡ್ ಆಫೀಸ್ ಬಾಡಿಗೆಯ ತುಣುಕು ಅಲ್ಲಿ ಬರಬಾರದು.

ಹುಡುಕಲು ಒಂದು ಸುಲಭ ದಾರಿ ಇದೆ. ಬಜೆಟ್‌ನ ಪ್ರತಿ ಸಾಲಿಗೂ 'ಈ ಯೋಜನೆ ನಾಳೆ ನಿಂತರೆ ಈ ಖರ್ಚು ನಿಲ್ಲುತ್ತದಾ?' ಅಂತ ಕೇಳಿ. ನಿಲ್ಲದಿದ್ದರೆ ಆ ಸಾಲಿನ ಪಕ್ಕ ಪ್ರಶ್ನಾರ್ಥಕ ಹಾಕಿ. ಪೂರ್ತಿ ತೀರ್ಪಲ್ಲ ಇದು, ಆದರೆ ತಪ್ಪು ಇರುವ ಕಡೆಗೆ ಬೆರಳು ತೋರಿಸುತ್ತದೆ.

ಅಮೆರಿಕದವರ ಶೀಟ್‌ನಲ್ಲಿ ನಿಮ್ಮ ಸಾಲು

ಕೆಲವೊಮ್ಮೆ ತಪ್ಪು ಆ ಕಡೆಯದ್ದು. ಹಣ ದಾಟಿಸುವ ಅಮೆರಿಕದ ವಿಶ್ವವಿದ್ಯಾಲಯಕ್ಕೆ ನೀವು ಸಬ್‌ಅವಾರ್ಡ್. ಅವರ ದರ ಶೇ. 50 ಅಂದುಕೊಳ್ಳಿ. ನಿಮ್ಮ ಮೊತ್ತದಲ್ಲಿ ಮೊದಲ 50,000 ಡಾಲರ್ ಮೇಲೆ ಮಾತ್ರ ಅವರು ತಮ್ಮ ಪರೋಕ್ಷ ವೆಚ್ಚ ಹಾಕಿಕೊಳ್ಳಬಹುದು, ಅಂದರೆ 25,000. ಅದು ಇಡೀ ಯೋಜನೆಗೆ ಒಂದೇ ಸಲ, ವರ್ಷ ವರ್ಷ ಅಲ್ಲ. ಮೂರು ವರ್ಷದ ಶೀಟ್‌ನಲ್ಲಿ ಫಾರ್ಮುಲಾ ಬಲಕ್ಕೆ ಎಳೆದಾಗ ಅದು 75,000 ಆಗಿಬಿಡುತ್ತದೆ. ಒಟ್ಟು ಮಿತಿ ಇದ್ದಾಗ ಆ ಹೆಚ್ಚುವರಿ 50,000ಕ್ಕೆ ಜಾಗ ಮಾಡಲು ನಿಮ್ಮ ಪಾಲು ಕತ್ತರಿಸುತ್ತಾರೆ. 'ಬಜೆಟ್ ಟೈಟ್ ಇದೆ, ಸ್ವಲ್ಪ ಕಡಿಮೆ ಮಾಡಿ' ಅಂತ ಇಮೇಲ್ ಬಂದರೆ ಸುಮ್ನೆ ತಲೆಯಾಡಿಸಬೇಡಿ. ಅವರ ಶೀಟ್‌ನ ಎರಡನೇ ವರ್ಷದ ಬೇಸ್ ತೋರಿಸಿ ಅಂತ ವಿನಯದಿಂದ ಕೇಳಿ.

ನೀವು ಅದೇ ಹಣದಲ್ಲಿ ಇಲ್ಲಿನ ಇನ್ನೊಂದು ಸಂಸ್ಥೆಗೆ ಸಬ್‌ಅವಾರ್ಡ್ ಕೊಡುವ ಸಾಲು ಬರೆದಿದ್ದರೆ, ಪರ್ಸೆಂಟ್ ಯೋಚನೆ ಬಿಡಿ. ಆ ಸಾಲೇ ಇರುವಂತಿಲ್ಲ. ವಿದೇಶಿ ದೇಣಿಗೆಗೆ ನಮ್ಮಲ್ಲಿರುವ ಕಾನೂನು ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ ಹಣವನ್ನು ಬೇರೆ ಯಾವ ಸಂಸ್ಥೆಗೂ ವರ್ಗಾಯಿಸುವ ಹಾಗಿಲ್ಲ, ಅವರಿಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಸಹ.

ಎಫ್‌ಸಿಆರ್‌ಎ ಶೇ. 20: ಹೆಸರು ಬೇರೆ, ಲೆಕ್ಕ ಬೇರೆ

ಅಮೆರಿಕದ ಶೀಟ್ ಪಾಸಾಯಿತು ಅಂತ ಉಸಿರು ಬಿಡಬೇಡಿ. ನಮ್ಮ ಕಾನೂನಿನ ಲೆಕ್ಕ ಇನ್ನೂ ಬಾಕಿ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚ ಮೊದಲು ಶೇ. 50ರವರೆಗೆ ಇರಬಹುದಿತ್ತು. 2020ರ ಸೆಪ್ಟೆಂಬರ್‌ನಿಂದ ಅದು ಶೇ. 20. ಅದನ್ನು ಮೀರಬೇಕಿದ್ದರೆ ಕೇಂದ್ರ ಸರ್ಕಾರದ ಮುಂಗಡ ಒಪ್ಪಿಗೆ ಬೇಕು.

'ನಮ್ಮದು ಶೇ. 15 ತಾನೇ, 20ರ ಒಳಗೇ ಇದೆ' ಅನ್ನುವುದು ನಾನು ತುಂಬ ಸಲ ಕೇಳಿದ ಮಾತು. ಎರಡೂ ಒಂದೇ ವಸ್ತು ಅಂದುಕೊಂಡ ತಪ್ಪು ಇದು. ಅಮೆರಿಕದ ನಿಯಮ ಆ ಖರ್ಚು ಯಾವ ಯೋಜನೆಗೆ ಸೇರಿದ್ದು ಅಂತ ನೋಡುತ್ತದೆ. ಎಫ್‌ಸಿಆರ್‌ಎ ನಿಯಮಾವಳಿಯ 5ನೇ ನಿಯಮ ಖರ್ಚಿನ ಜಾತಿ ನೋಡುತ್ತದೆ. ಬಾಡಿಗೆ, ವಿದ್ಯುತ್, ಫೋನು, ವಾಹನ ಓಡಿಸುವ ಖರ್ಚು, ಕಚೇರಿ ಉಪಕರಣ, ಲೆಕ್ಕಪತ್ರ, ವರದಿ ಬರೆಯುವ ಖರ್ಚು, ವಕೀಲರ ಮತ್ತು ವೃತ್ತಿಪರರ ಶುಲ್ಕ, ನಿರ್ವಹಣೆ ನೋಡುವ ಸಿಬ್ಬಂದಿಯ ಸಂಬಳ, ಎಲ್ಲ ಆಡಳಿತ ವೆಚ್ಚ. ನೀವು ಅದನ್ನು ನೇರ ವೆಚ್ಚದ ಸಾಲಿನಲ್ಲಿ ಬರೆದಿದ್ದೀರಿ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯ ಡಾಕ್ಟರು, ಶಾಲೆಯ ಮೇಷ್ಟ್ರು ಇಂಥವರ ಸಂಬಳ ಅದರಲ್ಲಿ ಸೇರುವುದಿಲ್ಲ. ಸಂಶೋಧನೆ ಅಥವಾ ತರಬೇತಿಯೇ ಮುಖ್ಯ ಕೆಲಸವಾಗಿರುವ ಸಂಸ್ಥೆಯಲ್ಲಿ ತರಬೇತಿ ಕೊಡುವವರು, ಫೀಲ್ಡ್ ಮಾಹಿತಿ ಸಂಗ್ರಹಿಸುವವರು, ಅದನ್ನು ವಿಶ್ಲೇಷಿಸುವವರ ಸಂಬಳಕ್ಕೂ ವಿನಾಯಿತಿ ಇದೆ.

ಹುಡುಗನ ಬಜೆಟ್ ತೆಗೆದುಕೊಂಡು ಕೂಡಿಸಿದೆವು. ಪರೋಕ್ಷ ವೆಚ್ಚ 14,400. ಫೀಲ್ಡ್ ಆಫೀಸ್ ಬಾಡಿಗೆ 3,000. ಜೀಪಿನ ಡೀಸೆಲ್, ರಿಪೇರಿ 3,500. ಸಂಬಳದ ಸಾಲಿನೊಳಗೆ ನಿರ್ವಹಣೆ ನೋಡುವ ಸಂಯೋಜಕಿಯ ಪಾಲು 4,000. ಒಟ್ಟು 24,900, ಅಂದರೆ 1,40,400ರಲ್ಲಿ ಶೇ. 17.7. ಐದು ಲ್ಯಾಪ್‌ಟಾಪೂ ಕಚೇರಿ ಮೇಜಿನ ಮೇಲೆ ಕೂರುವಂಥವಾದರೆ ಇನ್ನೂ 4,000. ಈಗ ಶೇ. 20.6. ಗೆರೆ ದಾಟಿತು! ಮೊದಲು ಪರೋಕ್ಷ ವೆಚ್ಚ ಒಂದನ್ನೇ ಹಿಡಿದು ಶೇ. 10.3 ಕಂಡಿದ್ದ ಹುಡುಗ ಫೋನಿನಲ್ಲಿ ಒಂದು ಕ್ಷಣ ಮಾತಾಡಲಿಲ್ಲ.

ಸಮಾಧಾನಕ್ಕೆ ಒಂದು ಮಾತು. ಶೇ. 20 ಲೆಕ್ಕ ಒಂದು ಅನುದಾನದ್ದಲ್ಲ, ಆ ಹಣಕಾಸು ವರ್ಷದಲ್ಲಿ ಸಂಸ್ಥೆಗೆ ಬಂದ ಎಲ್ಲ ವಿದೇಶಿ ದೇಣಿಗೆಯ ಮೇಲೆ. ಇನ್ನೊಂದು ಯೋಜನೆಯಲ್ಲಿ ಆಡಳಿತ ವೆಚ್ಚ ಕಡಿಮೆ ಇದ್ದರೆ ಸರಿದೂಗುತ್ತದೆ. ಆದರೆ 'ಬಂದ' ಅನ್ನುವ ಪದ ಗಮನಿಸಿ. ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಇಳಿಯಬೇಕು. ಮಾರ್ಚ್ ಕೊನೆಯಲ್ಲಿ ಬರಬೇಕಾದ ಕಂತು ಏಪ್ರಿಲ್ 2ಕ್ಕೆ ಇಳಿದರೆ ಈ ವರ್ಷದ ಬೇಸ್ ಕುಗ್ಗುತ್ತದೆ, ಖರ್ಚು ಮಾತ್ರ ಹಾಗೇ ಇರುತ್ತದೆ. ವರ್ಷವಿಡೀ ಒಳಗಿದ್ದ ಲೆಕ್ಕ ಕೊನೆ ವಾರದಲ್ಲಿ ಹೊರಗೆ ಬೀಳುವುದು ಹೀಗೆ. ಡಿಸೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಕೂಡಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಸಿಎಸ್‌ಆರ್‌ನವರ ಶೇ. 5

ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ಕಂಪನಿಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅಧಿಕಾರಿ ನನ್ನ ಮುಂದೆಯೇ ಒಂದು ಸಂಸ್ಥೆಯ ಶೇ. 9ರ ಓವರ್‌ಹೆಡ್ (ಪರೋಕ್ಷ ವೆಚ್ಚದ) ಸಾಲನ್ನು ಹೊಡೆದು ಹಾಕಿದರು. "ಕಾನೂನಿನಲ್ಲಿ 5 ಅಷ್ಟೇ ಮೇಡಂ" ಅಂದರು. ಕಾನೂನಿನಲ್ಲಿರುವ ಶೇ. 5, ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ವೆಚ್ಚದ ಮಿತಿ. ಅದೂ ಕಂಪನಿಯ ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಮೇಲೆ. ಯೋಜನೆ ಜಾರಿ ಮಾಡುವ ಸಂಸ್ಥೆಯ ಖರ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಕಂಪನಿ ತನ್ನದೇ ನೀತಿಯಾಗಿ ಶೇ. 5 ಕೊಡುತ್ತೇನೆ ಅಂದರೆ ಅದು ಅವರ ಇಷ್ಟ, ಚೌಕಾಸಿ ಮಾಡಬಹುದು. ಕಾನೂನು ಅಂತ ಹೇಳಿದರೆ ಮಾತ್ರ 2014ರ ಸಿಎಸ್‌ಆರ್ ನಿಯಮಗಳ 7ನೇ ನಿಯಮ ತೆರೆದು ತೋರಿಸಿ. ಅವತ್ತು ನಾವು ತೋರಿಸಿದೆವು. ಶೇ. 9 ಸಿಗಲಿಲ್ಲ, 8ಕ್ಕೆ ಮುಗಿಯಿತು.

ಶೀಟ್‌ನಲ್ಲಿ ಒಂದು ಕಾಲಂ

ಹುಡುಗನಿಗೆ ಕೊನೆಯಲ್ಲಿ ಮಾಡಿಸಿದ್ದು ಇಷ್ಟು. ಮೊತ್ತದ ಕಾಲಂ ಪಕ್ಕ ಎರಡು ಹೊಸ ಕಾಲಂ. ಮೊದಲನೆಯದರ ಹೆಸರು 'ಬೇಸ್‌ನಲ್ಲಿದೆಯಾ', ಪ್ರತಿ ಸಾಲಿಗೂ 1 ಅಥವಾ 0. ಎರಡನೆಯದು 'ಎಫ್‌ಸಿಆರ್‌ಎ ಆಡಳಿತ', ಅಲ್ಲೂ 1 ಅಥವಾ 0. ಸಾಲು ಕೈಯಲ್ಲಿ ಆರಿಸಿ ಕೂಡುವ ಬದಲು ಎರಡು ಕಾಲಂ ಗುಣಿಸಿ ಕೂಡುವ ಸಮ್‌ಪ್ರಾಡಕ್ಟ್ ಫಾರ್ಮುಲಾ ಹಾಕಿದರೆ ಬೇಸ್ ತಾನೇ ಬರುತ್ತದೆ. ಸಾಲು ಸೇರಿಸಿದರೂ ತೆಗೆದರೂ ಕೆಡುವುದಿಲ್ಲ. 0 ಹಾಕಿದ ಕಡೆ ಯಾಕೆ ಅಂತ ಎರಡು ಪದದ ಕಾಮೆಂಟ್.

ಮಾರನೇ ದಿನ ಹೊಸ ಶೀಟ್ ಕಳಿಸಿದ. ಎಲ್ಲ ಸಾಲಿಗೂ 1, 0 ತುಂಬಿದ್ದ, ಹಾಲ್ ಬಾಡಿಗೆ ಒಂದರ ಮುಂದೆ ಮಾತ್ರ ಖಾಲಿ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಅಕ್ಕಾರ, ಆ ಹೋಟೆಲ್‌ನ್ಯಾವ ಊಟ ತಗೊಂಡ್ರ ಹಾಲ್ ಫುಕಟ್ ಅಂತಾನ್ರೀ. ಪ್ಲೇಟಿಗೆ ನೂರು ರೂಪಾಯಿ ಜಾಸ್ತಿ ಹಚ್ತಾನ. ಈಗ ಅದು ಊಟಾನೋ, ಬಾಡಿಗೀನೋ?"

ಆಶಾ ಕಾರ್ಯಕರ್ತೆಯರ ಊಟವಾದರೂ ಹೊರಗೆ, ಬಾಡಿಗೆಯಾದರೂ ಹೊರಗೆ, ಅವರ ಮಟ್ಟಿಗೆ ಎರಡಕ್ಕೂ 0 ಹಾಕು ಅಂದೆ. ಆದರೆ ನಮ್ಮ ಸಿಬ್ಬಂದಿ ನಾಲ್ಕು ಜನ ಅಲ್ಲೇ ಉಣ್ಣುತ್ತಾರಲ್ಲ, ಅವರ ಊಟ ಒಳಗೆ ಬರಬೇಕು. ಹೋಟೆಲ್‌ನವನಿಗೆ ಹೇಳಿ ಬಿಲ್ಲಿನಲ್ಲಿ ಹಾಲ್ ಬೇರೆ, ಊಟ ಬೇರೆ ಬರೆಸಿಕೋ, ಊಟಕ್ಕೆ ಎಷ್ಟು ಪ್ಲೇಟ್ ಅಂತಲೂ ಬರೆಸು ಅಂದೆ.

"ಅಂವಾ ಬಿಲ್ಲ ಕೊಡಾಂಗಿಲ್ರೀ ಅಕ್ಕಾರ," ಅಂದ.

ಹಾಗಾದರೆ ಮೊದಲು ಬೇರೆ ಹೋಟೆಲ್ ನೋಡು ಅಂದೆ.